ಕೈ ಹಿಂದೆ ಕಟ್ಟಿಕೊಂಡು ನಿಂತ ಅಪ್ಪ

ಪ್ರೀತಿಯ ಮಗಳೆ,

ಬೆಂಗಳೂರು ಮುಟ್ಟಿದೆ ಅಂತ ಒಂದು ಮೆಸೇಜ್ ಹಾಕಿದವಳು, ನಾಲ್ಕು ದಿನದಿಂದ ಫೋನ್ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ವರ್ಷದ ಪುಣ್ಯತಿಥಿಗೆ ಬಂದು, ಊಟದ ಎಲೆ ತೆಗೆಯುವ ಮೊದಲೇ ಜಗಳ ಮಾಡಿಕೊಂಡು ಹೋದೆ. ನನ್ನ ಬಾಯಿಯೂ ಸುಮ್ಮನಿರಲಿಲ್ಲ, ಒಪ್ಪುತ್ತೇನೆ. ಆಸ್ಪತ್ರೆಯ ದಿನಗಳ ಮಾತು ಬೇಡ. ಅದು ನಿನಗೂ ಗೊತ್ತು, ನನಗೂ ಗೊತ್ತು.

ನಿಮ್ಮಪ್ಪನ ಮೆಣಸಿನಕಾಯಿ ಅಂಗಡಿಯ ಖಾತೆ ಪುಸ್ತಕ ನೋಡಿ ನಿನಗೆ ಸಿಟ್ಟು ಬಂದದ್ದು ಸಹಜ. ರೈತರಿಗೆ ಕೊಟ್ಟ ಮುಂಗಡ ಎಷ್ಟೋ ವಾಪಸ್ ಬಂದಿಲ್ಲ. ಆದರೆ 'ಊರವರನ್ನೆಲ್ಲ ಸಾಕಿದರು, ನನ್ನನ್ನು ಒಂದು ದಿನ ಎತ್ತಿಕೊಳ್ಳಲಿಲ್ಲ' ಅಂದೆಯಲ್ಲ, ಆ ಮಾತಿನಿಂದ ನನಗೆ ನಿದ್ದೆ ಬರುತ್ತಿಲ್ಲ. ಖಾತೆಯ ವಿಷಯ ಆಮೇಲೆ.

ನಿನಗೆ ಆಗ ಒಂದೂವರೆ ವರ್ಷ. ಫೆಬ್ರವರಿ, ಸೀಸನ್ ಜೋರು. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಲಾರಿಗಳು ಹಿಂದಿನ ರಾತ್ರಿಯೇ ಬಂದು ನಿಲ್ಲುತ್ತಿದ್ದವು. ನಿಮ್ಮಪ್ಪ ನಸುಕಿನಲ್ಲೇ ಹೋಗಿ ಲಾಟ್ ಹಾಕಿಸಿ, ಚೀಲ ಚೀಲಕ್ಕೂ ಕೈ ಹಾಕಿ ನೋಡುತ್ತಿದ್ದರು. ಡಬ್ಬಿ ತಳಿಯ ಕಾಯಿ ಯಾವುದು, ಕಡ್ಡಿ ತಳಿಯದು ಯಾವುದು, ಹಸಿ ಎಷ್ಟಿದೆ, ಎಲ್ಲ ಬೆರಳಿಗೇ ಗೊತ್ತು. ಟೆಂಡರ್ ಆಗಿ, ತೂಕ ಆಗಿ, ಲೆಕ್ಕ ಮುಗಿಸಿ ಮನೆಗೆ ಬಂದಾಗ ರಾತ್ರಿ ಹತ್ತು. ಅವತ್ತು ನೀನು ಎಚ್ಚರ ಇದ್ದೆ. ಬಾಗಿಲಿಗೆ ಓಡಿದೆ. ಕೈ ತೊಳೆಯದೆ ಎತ್ತಿಕೊಂಡರು, ಮುಖ ಸವರಿದರು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿನ್ನ ಕಣ್ಣಿಗೆ ಗೊತ್ತಾಗಬೇಕಲ್ಲ!

ಬೆಳಗಿನ ತನಕ ನೀನು ಮಲಗಲಿಲ್ಲ. ನಾನೂ ಹೊಸಬಳು, ಹೆದರಿದ್ದೆ. ಸಿಟ್ಟಿನಲ್ಲಿ ಅಂದುಬಿಟ್ಟೆ: 'ಇನ್ನೊಮ್ಮೆ ನನ್ನ ಮಗಳನ್ನು ಮುಟ್ಟಬೇಡಿ.'

ಬೆಳಿಗ್ಗೆ ನಾನು ಅದನ್ನು ಮರೆತೆ. ಅವರು ಮರೆಯಲಿಲ್ಲ. ಮಾರನೆಯ ದಿನ ಬಚ್ಚಲಿಗೆ ಕೊಬ್ಬರಿ ಎಣ್ಣೆಯ ಬಾಟಲಿ ಬಂತು. ಖಾರ ಬರೀ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ ಅಂತ ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಹೇಳಿಕೊಟ್ಟರಂತೆ. ಮೊದಲು ಎಣ್ಣೆ, ಆಮೇಲೆ ಸೋಪು, ಮತ್ತೆ ಎಣ್ಣೆ. ಮೂಸಿ ನೋಡುವರು. ನಾಲಿಗೆಗೆ ಬೆರಳು ಮುಟ್ಟಿಸುವರು. 'ನೋಡು, ಖಾರ ಐತೇನು?' ಅಂತ ನನ್ನ ಮುಂದೆ ಕೈ ಚಾಚುವರು. ಅಷ್ಟರಲ್ಲಿ ನೀನು ಮಲಗಿರುತ್ತಿದ್ದೆ. ತೊಟ್ಟಿಲ ಹತ್ತಿರ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಆ ಚಾಳಿ ಕೊನೆತನಕ ಹೋಗಲಿಲ್ಲ. ನಿನ್ನ ಕಾಲೇಜಿನ ಫೋಟೊ ತೆಗೆದು ನೋಡು, ಅಲ್ಲೂ ಕೈ ಹಿಂದೆ. 'ಎತ್ತಿಕೊಳ್ಳಿ, ಏನೂ ಆಗಲ್ಲ' ಅಂತ ನಾನು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಗಂಡಸರು ಹೀಗೇ ಅಂದುಕೊಂಡೆ. ನಿನ್ನ ಸಿಟ್ಟನ್ನು ನನ್ನ ಮೇಲೆ ಹಾಕು, ಅವರ ಮೇಲೆ ಬೇಡ.

ಈಗ ಖಾತೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು, ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ಗಾಡಿಗಳಿಗೆ ಬೆಂಕಿ ಹಚ್ಚಿದ ಸೋಮವಾರ ನೀನು ಟಿವಿ ನೋಡಿ ಅಳುತ್ತಾ ಫೋನ್ ಮಾಡಿದ್ದೆ. ನಿಮ್ಮಪ್ಪ ಆ ರಾತ್ರಿ ಊಟ ಮಾಡಲಿಲ್ಲ. 'ಬೆಂಕಿ ಹಚ್ಚಿದ್ದು ತಪ್ಪು. ಹೊಟ್ಟೆ ಉರಿದದ್ದು ಸುಳ್ಳಲ್ಲ' ಅಂದರು. ವಸೂಲಾಗದ ಹೆಸರುಗಳಲ್ಲಿ ಜಾಸ್ತಿ ಆ ವರ್ಷದವೇ. ಹಾಗಾಗಿ ನೋಟಿಸ್ ಬೇಡ. ಕೊಡುವ ಶಕ್ತಿ ಇರುವ ಇಬ್ಬರು ಇದ್ದಾರೆ, ಅವರ ಮನೆಗೆ ನಾನೇ ಹೋಗಿ ಬರುತ್ತೇನೆ.

ಉಪದೇಶ ಮಾಡಬಾರದು ಅಂದುಕೊಂಡೇ ಕುಳಿತೆ. ಆದರೂ ಕೇಳು. ಯಾರಿಗಾದರೂ ಸಾಲ ಕೊಟ್ಟರೆ ಬರೆದಿಡು. ಬರೆದದ್ದನ್ನು ಮನೆಯವರಿಗೂ ತೋರಿಸು, ನಿಮ್ಮಪ್ಪ ಅದೊಂದು ಮಾಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಊಟ ಬೇಡ, ಬಿಪಿ ನಮ್ಮ ಮನೆಯಲ್ಲೇ ಇದೆ. ಆಫೀಸಿನಲ್ಲಿ ಜನರ ಹತ್ತಿರ ಸ್ವಲ್ಪ ಮೆತ್ತಗೆ ಮಾತಾಡು. ಕ್ರೆಡಿಟ್ ಕಾರ್ಡು ಎರಡು ಯಾಕೆ? ನೋಡು, ಶುರುವಾಯಿತು ನನ್ನ ಪುರಾಣ.

ಒಂದು ಹೇಳುವುದು ಮರೆತಿದ್ದೆ. 2011ರಲ್ಲಿ ನಮ್ಮ ಬ್ಯಾಡಗಿ ಕಾಯಿಗೆ ಜಿಐ, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಮಾನ್ಯತೆ ಸಿಕ್ಕಾಗ ಪೇಪರಿನ ತುಣುಕು ಕತ್ತರಿಸಿ ಗಲ್ಲಾ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದರು. ನೀನು ಸಿಎ ಪಾಸಾದಾಗ ಅದರ ಪಕ್ಕಕ್ಕೇ ನಿನ್ನ ಫೋಟೊ. ಹಮಾಲರಿಗೆ ಕೂಲಿ ಕೊಡುವಾಗ ಮುಚ್ಚಳ ಪೂರ್ತಿ ತೆರೆದಿಡುತ್ತಿದ್ದರಂತೆ, ಎಲ್ಲರಿಗೂ ಕಾಣಲಿ ಅಂತ. ಮೊನ್ನೆ ಹಮಾಲರೇ ಹೇಳಿ ನಕ್ಕರು.

ಅಂಗಡಿ ಬಾಡಿಗೆಗೆ ಕೇಳಿದವರು ಬರುವ ಗುರುವಾರ ಬರುತ್ತಾರೆ. ಅಷ್ಟರೊಳಗೆ ಪೆಟ್ಟಿಗೆ ಮನೆಗೆ ತರಬೇಕು, ನನ್ನೊಬ್ಬಳಿಂದ ಆಗುವುದಿಲ್ಲ. ಬುಧವಾರ ರಾತ್ರಿಯೇ ಇಲ್ಲಿರುವ ಹಾಗೆ ಹೊರಡು. ಖಾರಪುಡಿ ಎರಡು ಕೆಜಿ ಮಾಡಿಸಿಟ್ಟಿದ್ದೇನೆ. ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಇನ್ನೂ ಅರ್ಧ ಇದೆ, ನಾನು ತೆಗೆದಿಲ್ಲ.

ಫೋನ್ ಎತ್ತು.

ನಿನ್ನ
ಅವ್ವ