ಸಕ್ಕಿಂಗ್ ಗಾಡಿ ಖಾಲಿ ಮಾಡೋಕೆ ಒಂದು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಶೃಂಗೇರಿಯಿಂದ ಶಿವಮೊಗ್ಗದ ಕಡೆ ಹರಿಯೋ ತುಂಗೆ ದಡದಲ್ಲಿ ಒಂದು ಸಣ್ಣ ಊರು ನಮ್ದು. ಯುಜಿಡಿ, ಅಂದ್ರೆ ಊರಿನ ಒಳಚರಂಡಿ, ಬರತ್ತೆ ಅಂತ ನಾನು ಮದುವೆಯಾಗಿ ಇಲ್ಲಿಗೆ ಬಂದಾಗಿಂದ ಕೇಳ್ತಾ ಇದೀನಿ, ಈಗ ಮಗಳು ಕಾಲೇಜು ಮುಗಿಸಿದ್ಲು, ಇನ್ನೂ ಬಂದಿಲ್ಲ.

ಕಳೆದ ವಾರ ಬೆಳಿಗ್ಗೆ ಆರು ಗಂಟೆಗೆ ವಾಕಿಂಗ್ ಹೋದಾಗ ಸೇತುವೆ ಆಚೆ ಹಳ್ಳದ ಹತ್ರ, ಕಕ್ಕಸು ಗುಂಡಿಯಿಂದ ಹೂಳು ಹೀರ್ಕೊಂಡು ಹೋಗೋ ಸಕ್ಕಿಂಗ್ ಗಾಡಿ ನಿಂತಿತ್ತು. ಪೈಪ್ ಹಳ್ಳಕ್ಕೆ ಇಳಿಬಿಟ್ಟಿದ್ರು, ಕಪ್ಪು ನೀರು ಗುಳುಗುಳು ಅಂತ ಹೋಗ್ತಾ ಇತ್ತು, ಅಲ್ಲಿಂದ ನೂರು ಹೆಜ್ಜೆ ಕೆಳಗೆ ಆ ಹಳ್ಳ ತುಂಗೆಗೆ ಸೇರತ್ತೆ, ಅದೇ ಜಾಗದ ಬಂಡೆ ಮೇಲೆ ಇಬ್ರು ಹೆಂಗಸ್ರು ಬಟ್ಟೆ ಒಗೀತಾ ಇದ್ರು. ಯಾಕಪ್ಪಾ ಇಲ್ಲಿ ಬಿಡ್ತೀಯ ಅಂತ ಡ್ರೈವರ್‌ನ ಕೇಳಿದೆ. "ಮತ್ತೆಲ್ಲಿ ಬಿಡ್ಲಿ ಅಕ್ಕಾ, ಜಾಗ ತೋರ್ಸಿ, ಅಲ್ಲೇ ಬಿಡ್ತೀನಿ" ಅಂದ. ಅದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ. ಅವನ ಗಾಡೀಲಿ ಇದ್ದಿದ್ದು ನಮ್ಮನೆಗಳದ್ದೇ ತಾನೇ.

ನಮ್ ಕಡೆ ಮನೆ ಹಿಂದೆ ಗುಂಡಿ ತೆಗೆದು ರಿಂಗ್ ಇಳಿಸಿ ಮೇಲೆ ಚಪ್ಪಡಿ ಹಾಕ್ತಾರೆ, ಪಿಟ್ ಅಂತೀವಿ, ತಳಕ್ಕೆ ಕಾಂಕ್ರೀಟ್ ಇರಲ್ಲ. ಜಂಬಿಟ್ಟಿಗೆ ನೆಲ, ನೀರು ಬೇಗ ಇಂಗತ್ತೆ, ಪಕ್ಕದಲ್ಲೇ ಕುಡಿಯೋ ಬಾವಿ. ಪುನರ್ವಸು ಮಳೆ ಹಿಡೀತು ಅಂದ್ರೆ ನೆಲದ ನೀರೇ ಮೇಲೆ ಬಂದು ಪಿಟ್ ಉಕ್ಕತ್ತೆ, ಆಗ ಪೈಪ್ ಹಾಕಿ ಚರಂಡಿಗೆ ಬಿಡೋರೂ ಇದಾರೆ. ಮಳೆಗಾಲದಲ್ಲಿ ಹೊಳೆ ಎಲ್ಲಾನೂ ಕೊಚ್ಕೊಂಡು ಹೋಗತ್ತೆ, ನಮ್ ಕಣ್ಣಿಗೆ ಕಾಣಲ್ಲ ಅಷ್ಟೇ. ಆದ್ರೆ ಏಪ್ರಿಲ್‌ನಲ್ಲಿ ಬಂಡೆ ಸಂದಿಯಲ್ಲಿ ಒಂದೆಳೆ ನೀರು ಹರಿಯೋವಾಗ ಬಿಟ್ಟಿದ್ದು ಮಡುವಲ್ಲೇ ನಿಲ್ಲತ್ತೆ, ಕೊಳೀತಾ ಕೊಳೀತಾ ನೀರಲ್ಲಿರೋ ಆಕ್ಸಿಜನ್ ಎಳ್ಕೊಳತ್ತೆ, ಮೀನಿಗೆ ಉಸಿರು ಸಿಗಲ್ಲ. ಕೊಳೆ ಹೀಗೆ ಎಳ್ಕೊಳೋ ಆಕ್ಸಿಜನ್ನಿನ ಲೆಕ್ಕಕ್ಕೆ ಬಿಒಡಿ ಅಂತಾರೆ, ಸ್ನಾನಕ್ಕಿಳಿಯೋ ಹೊಳೆ ನೀರಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳತ್ತೆ, ಪಿಟ್ ಹೂಳಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರತ್ತೆ. ಇದೇ ನೀರು ಗಾಜನೂರು ಡ್ಯಾಮಿಗೆ ಹೋಗಿ ಶಿವಮೊಗ್ಗದೋರ ನಲ್ಲಿಗೆ ಬರೋದು.

ಯುಜಿಡಿ ಬರೋವರೆಗೂ ಕೈಕಟ್ಟಿ ಕೂರೋದು ಬೇಡ ಅಂತ ಹೇಳೋಕೇ ಈ ಪತ್ರ ಬರೀತಾ ಇದೀನಿ. ದೇವನಹಳ್ಳಿಯಲ್ಲಿ 2015ರಲ್ಲೇ ಮಲದ ಹೂಳು ಸಂಸ್ಕರಣೆ ಮಾಡೋ ಘಟಕ ಕಟ್ಟಿದ್ರು, ಸುಮಾರು 30,000 ಜನರ ಊರು, ಅಲ್ಲೂ ಆಗ ಯುಜಿಡಿ ಇರ್ಲಿಲ್ಲ. ದಿನಕ್ಕೆ 6,000 ಲೀಟರ್, ಅಂದ್ರೆ ಒಂದೆರಡು ಲೋಡು. ಇಳಿಜಾರಲ್ಲಿ ತಾನಾಗೇ ಇಳಿಯೋ ಹಾಗೆ ಮಾಡಿರೋದ್ರಿಂದ ಮೋಟಾರು ಕರೆಂಟಿನ ಗೋಜು ಕಡಿಮೆ. ಹೂಳು ಮೊದ್ಲು ಮುಚ್ಚಿದ ಟ್ಯಾಂಕಲ್ಲಿ ಕೊಳೆತು ಆಮೇಲೆ ಒಣಗೋ ಬೆಡ್‌ಗೆ ಬರತ್ತೆ, ಬಸಿದ ನೀರು ಗಿಡ ನೆಟ್ಟ ಜಲ್ಲಿ ತೊಟ್ಟಿ ದಾಟಿ ಹೋಗತ್ತೆ, ಒಣಗಿದ್ದನ್ನ ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡ್ತಾರೆ. ನಮ್ಮ ಮಳೆಗೆ ಬೆಡ್ ಮೇಲೆ ಶೀಟ್ ಹೊದಿಸ್ಲೇಬೇಕು, ಅಡಿಕೆ ಒಣಗಿಸೋ ಊರಿನೋರಿಗೆ ಅದನ್ನ ಯಾರೂ ಹೇಳಿಕೊಡ್ಬೇಕಿಲ್ಲ. ಜಲ್ಲಿ ತೊಟ್ಟಿಗೆ ಕಾಬಾಳೆ ಸಾಕು, ಎಲ್ಲರ ಹಿತ್ತಲಲ್ಲೂ ಇದೆ.

ಬಚ್ಚಲು ನೀರನ್ನ ಬಾಳೆ ಬುಡಕ್ಕೆ ಬಿಡೋದು ನಮ್ಮ ಹಿರಿಯರಿಗೆ ಗೊತ್ತಿದ್ದಿದ್ದೇ, ಜಾಗ ಇರೋ ಮನೆಯೋರು ನಾಳೆನೇ ಶುರು ಮಾಡ್ಬಹುದು. ಆದ್ರೆ ಪಿಟ್ ಹೂಳು ಒಬ್ಬೊಬ್ರ ಕೈಲಿ ಆಗೋ ಕೆಲಸ ಅಲ್ಲ, ಅದಕ್ಕೆ ಪಂಚಾಯ್ತಿನೇ ಮುಂದೆ ಬರ್ಬೇಕು. ಎಕರೆಗಟ್ಟಲೆ ಜಾಗ ಬೇಕಿಲ್ಲ, ನೆರೆ ನೀರು ಮುಟ್ಟದಷ್ಟು ಎತ್ತರದಲ್ಲಿ, ಬಾವಿಗಳಿಂದ ದೂರ, ಲಾರಿ ಹೋಗೋ ದಾರಿ ಇದ್ರೆ ಆಯ್ತು. ನಮ್ಮ ಬೀದಿಗೆ ಬೇಡ ಅಂತ ತಕರಾರು ಬರತ್ತೆ, ಬರೋರನ್ನ ಬಸ್ಸಲ್ಲಿ ಕೂರಿಸ್ಕೊಂಡು ದೇವನಹಳ್ಳಿಗೆ ಕರ್ಕೊಂಡು ಹೋಗಿ ತೋರಿಸಿ, ನಾನೂ ಬರ್ತೀನಿ. ಮುಂದಿನ ಬೇಸಿಗೆಯಲ್ಲಿ ಹೊಳೆ ಇಳಿಯೋದ್ರೊಳಗೆ ಆ ಜಾಗ ಒಂದು ಗುರ್ತು ಮಾಡಿ, ಡ್ರೈವರ್‌ಗೆ ನಾನೇ ಹೋಗಿ ಹೇಳ್ತೀನಿ.

ಇಂತಿ,
ಒಬ್ಬ ಗೃಹಿಣಿ, ಶಿವಮೊಗ್ಗ ಜಿಲ್ಲೆ