ಅವ್ವ ಬೈಯುತ್ತಿದ್ದ ದೇವರು

ಪ್ರೀತಿಯ ಪುಟ್ಟಿ,

ಅವ್ವನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ನಿನ್ನೆ ಸಂಜೆ ಮೈಸೂರಿಗೆ ಬಂದೆವು. ಮೂರೇ ದಿನಕ್ಕೆ ಪುಣೆಗೆ ವಾಪಸ್ ಹೋಗಬೇಕಾಯ್ತು ಅಂತ ಬೇಜಾರು ಮಾಡ್ಕೋಬೇಡ. ನಿನಗೆ ಸಿಕ್ಕ ರಜೆಯೇ ಅಷ್ಟು. ಆದರೆ ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮಾತು ಕೇಳಿದೆಯಲ್ಲ, "ಅಜ್ಜಿ ಜೀವನಪೂರ್ತಿ ಮಾದಪ್ಪ ಮಾದಪ್ಪ ಅಂದ್ರು, ಅವರಿಗೆ ಏನಮ್ಮ ಸಿಕ್ತು?" ಅಂತ. ಅಷ್ಟರಲ್ಲಿ ಬಸ್ಸು ಬಂತು, ನಾನು ಬಚಾವಾದೆ. ಆಮೇಲೆ ಆ ಮಾತು ತಲೆಯಿಂದ ಹೋಗಲೇ ಇಲ್ಲ.

ನಿನಗೆ ಗೊತ್ತಿರುವ ಅಜ್ಜಿ ಹಣೆ ತುಂಬ ವಿಭೂತಿ ಬಳಿದುಕೊಂಡು, ಸೋಮವಾರ ಒಪ್ಪೊತ್ತು ಊಟ ಮಾಡಿ, ಧೂಪ ಹಾಕಿ ಮನೆಯೆಲ್ಲ ಹೊಗೆ ಎಬ್ಬಿಸುತ್ತಿದ್ದ ಮುದುಕಿ. ನಾನು ಕಂಡ ಅವ್ವ ಬೇರೆ. ಅವಳು ಆ ಮಾದಪ್ಪನಿಗೆ, ಮಲೆ ಮಹದೇಶ್ವರ ದೇವರಿಗೆ, ಕೈ ಮುಗಿದದ್ದಕ್ಕಿಂತ ಬೈದದ್ದೇ ಜಾಸ್ತಿ.

ನಾನು ಆರನೇ ಕ್ಲಾಸಿನಲ್ಲಿದ್ದೆ. ಆಗ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಬೇಕು, ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಇನ್ನೇನು ಹುಳ ಹಣ್ಣಾಗುತ್ತೆ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು ಅನ್ನುವಾಗ ರೋಗ ಬಿತ್ತು. ಎರಡೇ ದಿನದಲ್ಲಿ ಎಲ್ಲ ಮೆತ್ತಗಾಗಿ ನೀರಾದವು. ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದು ಬಂದ ಅವ್ವ, ಕೈ ಕಾಲು ತೊಳೆದು ಸೀದಾ ದೇವರ ಗೂಡಿನ ಮುಂದೆ ನಿಂತಳು. "ಹುಲಿ ಮೇಲೆ ಕುಂತ್ಕಂಡು ಎಲ್ಲಿಗೋಗಿದ್ದಪ್ಪ ಮಾದಪ್ಪ? ನಿನ್ ಕಣ್ಗೇನ್ ಮಣ್ಣು ಬಿದ್ದಿತ್ತಾ?" ಅಂದಳು. ಆ ಸೋಮವಾರ ಧೂಪ ಹಾಕಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಮೂರನೇ ವಾರ ಹಾಕಿದಳು. ಯಾಕವ್ವ ಅಂದರೆ, "ಸಾಕು ಬುಡು ಮೊಗ, ಅವ್ನೂ ನೊಂದ್ಕಂಡವ್ನೆ" ಅಂದಳು.

ಸುತ್ತೂರು ಮಠದಲ್ಲಿ ಮಾದಪ್ಪನಿಗೆ ರಾಗಿ ಬೀಸೋ ಕೆಲಸ ಕೊಟ್ಟಿದ್ದರು ಅನ್ನೋ ಕಥೆ ಅವಳಿಗೆ ಬಲು ಇಷ್ಟ. ಬೀಸುವ ಕಲ್ಲಿನ ಮುಂದೆ ಕೂತ ದೇವರು ಅಂದರೆ ಅವಳಿಗೆ ಸ್ವಂತ ಅಣ್ಣತಮ್ಮನ ಹಾಗೆ. ಕಥೆಯಲ್ಲಿ ಕಲ್ಲು ತಾನಾಗಿಯೇ ತಿರುಗುತ್ತದೆ. "ನನ್ ಕಲ್ಲು ಮಾತ್ರ ತಿರುಗಾಕಿಲ್ಲ" ಅಂತ ನಗುತ್ತಿದ್ದಳು.

ಈಗ ನಿನಗೆ ಇಷ್ಟು ದಿನ ಹೇಳದ ವಿಷಯ. ನಿಮ್ಮ ತಾತ, ನನ್ನಪ್ಪ, ಅವ್ವನನ್ನು ಹೊಡೆಯುತ್ತಿದ್ದ. ಸುಮ್ನೆ ಅನುಮಾನ. ಸೊಪ್ಪು ಕೊಯ್ಯಲು ಹೋದವಳು ಇಷ್ಟು ಹೊತ್ತು ಯಾಕೆ, ಬಾವಿ ಹತ್ತಿರ ಯಾರ ಜೊತೆ ಮಾತು, ಇಂಥವೇ. ನೀನು ಫೋಟೋದಲ್ಲಿ ನೋಡಿದ ಆ ಸಾಧು ಮುಖದವನೇ.

ನಮ್ಮೂರಿಗೆ ದೇವರಗುಡ್ಡರು ಬರುತ್ತಿದ್ದರು, ಕಂಸಾಳೆ ಹಿಡಿದು. ರಾತ್ರಿ ಜಗಲಿ ಮುಂದೆ ಕೂತು ಬೆಳಗಿನ ತನಕ ಮಾದಪ್ಪನ ಕಥೆ ಹಾಡೋರು. ಆ ಕಥೆಯಲ್ಲಿ ಸಾಲು ಸಾಲು ಅಂತ ಭಾಗಗಳಿವೆ. ಯಾವುದು ಹಾಡೋಣ ಅಂತ ಕೇಳಿದರೆ ಅವ್ವ ಬಾಗಿಲ ಮರೆಯಿಂದಲೇ, "ಸಂಕಮ್ಮನ ಸಾಲು ಹೇಳಿ" ಅನ್ನುತ್ತಿದ್ದಳು. ಪ್ರತಿ ಸಲವೂ ಅದೇ. ಆ ಕಥೆಯ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿ ಸಂಕಮ್ಮನನ್ನು ಬಲಗೈ ಭಾಷೆ ಕೊಡು ಅಂತ ಪೀಡಿಸುತ್ತಾನೆ, ಕೆಡುವುದಿಲ್ಲ ಅಂತ ಆಣೆ ಮಾಡು ಅಂತ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ, ಕಟ್ಟಿ ಹಾಕಿದರೂ ಕೊಡುವುದಿಲ್ಲ. ಕೊನೆಗೆ ಅವಳ ಪಾಲಿಗೆ ಬರುವವನು ಮಾದಪ್ಪ. ಜಗಲಿ ಮೇಲೆ ಕೂತ ಅಪ್ಪ ಇದನ್ನೆಲ್ಲ ಕೇಳಬೇಕಿತ್ತು. ಊರವರೆಲ್ಲ ಕೂತಿದ್ದಾರೆ, ದೇವರ ಕಥೆ, ನಡುವೆ ಎದ್ದು ಹೋಗೋದು ಹೇಗೆ? ಬೀಡಿ ಹಚ್ಚೋದು, ಕೆಮ್ಮೋದು, ನೆಲ ನೋಡೋದು. ಬೆಳಗ್ಗೆ ಅವ್ವ ಗುಡ್ಡರಿಗೆ ಮೊರದ ತುಂಬ ರಾಗಿ ಕೊಡುತ್ತಿದ್ದಳು, ಒಂದು ಹಿಡಿ ಜಾಸ್ತಿಯೇ.

ಅಪ್ಪ ಬದಲಾದನಾ ಅಂತ ಕೇಳಬೇಡ. ಇಲ್ಲ. ವಯಸ್ಸಾಗಿ ಕೈ ಸೋತಿತು, ಅಷ್ಟೆ.

ಅವಳು ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತಿದ್ದಳು. ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರ್. ಹನೂರು, ಕೌದಳ್ಳಿ, ತಾಳುಬೆಟ್ಟ, ಅಲ್ಲಿಂದ ಕಾಡಿನ ದಾರಿ. ಬೆನ್ನಿಗೆ ಬುತ್ತಿಗಂಟು, ಅದರಲ್ಲಿ ಹುರಿಹಿಟ್ಟು, ಬೆಲ್ಲ. ಗಂಡಸರು "ಉಘೇ ಮಾದಪ್ಪ" ಅಂದರೆ ಹೆಂಗಸರಲ್ಲಿ ಎಲ್ಲರಿಗಿಂತ ಜೋರು ಇವಳ ದನಿ. ವರ್ಷದಲ್ಲಿ ಆ ಐದು ದಿನ ಮಾತ್ರ ಅಪ್ಪ ಅವಳನ್ನು ಎಲ್ಲಿಗೆ, ಯಾರ ಜೊತೆ ಅಂತ ಕೇಳುತ್ತಿರಲಿಲ್ಲ. ಇದು ನನಗೆ ಹೊಳೆದದ್ದೂ ಈಗ, ಅವಳು ಹೋದ ಮೇಲೆ.

1993ರ ಏಪ್ರಿಲ್‌ನಲ್ಲಿ ಬೆಟ್ಟದ ಆಚೆ ಪಾಲಾರ್ ಹತ್ತಿರ ವೀರಪ್ಪನ್ ಕಡೆಯವರು ನೆಲಬಾಂಬ್ ಸಿಡಿಸಿ 22 ಜನ ಸತ್ತರು. ಆ ವರ್ಷ ದೀಪಾವಳಿಗೆ ಹೊರಟು ನಿಂತಳು. ನಾನು ಕಾಲೇಜಿನಲ್ಲಿದ್ದೆ, ಬುದ್ಧಿವಂತೆ ಬೇರೆ. ಹೋಗಬೇಡ ಅಂತ ಅತ್ತು ಕರೆದೆ. "ಕಾಡಲ್ಲಿ ಅವ್ನೊಬ್ನೇ ಇದ್ದಾನಾ ಮೊಗ? ನಮ್ಮ ಮಾದಪ್ಪನೂ ಅಲ್ಲೇ ಅವ್ನೆ" ಅಂದಳು. ನಾನೂ ಹೋದೆ. ಅವಳಿಗೆ ಹಾಲರವೆ ನೋಡಬೇಕಿತ್ತು. ಬೆಟ್ಟದ ಪೂಜಾರಿ ಕುಲದವರಾದ ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು, ಬರಿಗಾಲಲ್ಲಿ ಕಾಡಿನ ಹಳ್ಳದಿಂದ ಮಾದಪ್ಪನಿಗೆ ನೀರು ಹೊತ್ತು ತರುವುದು. ಸಾಲಾಗಿ ಬಂದ ಆ ಪುಟ್ಟ ಹುಡುಗಿಯರ ಕಾಲುಗಳನ್ನೇ ನೋಡುತ್ತ ನಿಂತಿದ್ದಳು. ಗುಡಿಯ ಕಡೆ ತಿರುಗಲೇ ಇಲ್ಲ.

2023ರಲ್ಲಿ ಬೆಟ್ಟದಲ್ಲಿ 108 ಅಡಿ ಎತ್ತರದ ಪ್ರತಿಮೆ ಆಯಿತಲ್ಲ, ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು. ಕತ್ತು ಎತ್ತಿ ನೋಡಿ ನೋಡಿ, "ಅಷ್ಟೆತ್ತರ ಕುಂತ್ಕಂಡ್ರೆ ನಾನ್ ಬೈಯ್ಯೋದು ಅವ್ನಿಗೆ ಕೇಳ್ತದಾ?" ಅಂದಳು. ನೀನು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದೆ, ನೆನಪಿದೆಯಾ?

ಅಕ್ಕಿ ಡಬ್ಬದಲ್ಲಿ ಅವಳ ಮುಡುಪು ಸಿಕ್ಕಿತು. ಅರಿಶಿನ ಬಟ್ಟೆಯ ಗಂಟು. ಬಿಚ್ಚಿದೆ, ಬಿಚ್ಚಬಾರದಿತ್ತೋ ಏನೋ. 1,340 ರೂಪಾಯಿ, ಜೊತೆಗೆ 2011ರಲ್ಲೇ ಚಲಾವಣೆ ನಿಂತ ನಾಲ್ಕಾಣೆ ಏಳೆಂಟು. ಯಾವುದಕ್ಕೆ ಹರಕೆ, ಯಾರಿಗೆ, ಯಾರಿಗೂ ಹೇಳಿಲ್ಲ. ಹಾಗೇ ಮತ್ತೆ ಕಟ್ಟಿಟ್ಟಿದ್ದೇನೆ, ನಾಲ್ಕಾಣೆ ಸಮೇತ. ಸಾಲ ಇಟ್ಟುಕೊಳ್ಳುವವಳಲ್ಲ ಅವಳು.

ಬರುವ ದೀಪಾವಳಿಗೆ ಹೋಗಿ ಒಪ್ಪಿಸಿ ಬರುತ್ತೇನೆ. ತಾಳುಬೆಟ್ಟದವರೆಗೆ ಬಸ್ಸು, ಅಲ್ಲಿಂದ ನಡೆಯಬೇಕು ಅಂತಿದ್ದೀನಿ, ಮೊಣಕಾಲು ಒಪ್ಪಿದರೆ. ನನಗೆ ನಂಬಿಕೆ ಇದೆಯಾ ಅಂತ ಕೇಳಿದರೆ ಹೇಳೋಕೆ ಬರಲ್ಲ. ನಿನಗೆ ರಜೆ ಸಿಗುತ್ತಾ ನೋಡು. ಸಿಕ್ಕರೆ ಮುಂಚೆಯೇ ಹೇಳು, ಹುರಿಹಿಟ್ಟು ಸ್ವಲ್ಪ ಜಾಸ್ತಿ ಮಾಡ್ಕೋತೀನಿ.

ನಿನ್ನ ಅಮ್ಮ