ಕೊನೆಯ ಪುಟ ಮತ್ತೆ ಬರೆ

ತಂಗಿ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಲಿ ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಯಾರು. ನನಗೆ ಸಂಕಟವಾದದ್ದು ಕೊನೆಯ ಪುಟದಲ್ಲಿ.

ನಾಜಿಗಳ ಹಿಡಿತದಲ್ಲಿದ್ದ ಆಮ್‌ಸ್ಟರ್‌ಡಾಮಿನ ಭಾಗ ಗಟ್ಟಿಯಾಗಿದೆ. ಶಿಬಿರಗಳಿಗೆ ಸಾಗಿಸಲೆಂದು ನಾಟಕಮಂದಿರದಲ್ಲಿ ಕೂಡಿಹಾಕಿದ ಯಹೂದಿ ಹಿರಿಯರು, ಎದುರಿನ ಶಿಶುವಿಹಾರದಲ್ಲಿ ಮಕ್ಕಳು, ಟ್ರಾಮ್ ಕಾವಲುಗಾರನ ಕಣ್ಣಿಗೆ ಅಡ್ಡ ಬಂದ ಗಳಿಗೆಯಲ್ಲಿ ಮಗುವನ್ನೆತ್ತಿಕೊಂಡು ಹೊರಟುಬಿಡುವುದು. ಆದರೆ ಮಗುವನ್ನು ಹೊರಗೆ ಸಾಗಿಸಿದರಷ್ಟೇ ಸಾಲದು ಕಣೇ. ದಾಖಲೆಯಲ್ಲಿ ಹೆಸರು ಉಳಿದಿದ್ದರೆ ರೈಲು ಹತ್ತಿಸುವ ಎಣಿಕೆಯಲ್ಲಿ ಸಿಕ್ಕಿಬೀಳುತ್ತಿತ್ತು. ಅದಕ್ಕೇ ಆ ನಾಟಕಮಂದಿರದ ಉಸ್ತುವಾರಿ ಹೊತ್ತಿದ್ದ ಯಹೂದಿ ವಾಲ್ಟರ್ ಸುಸ್ಕಿಂಡ್ ಮಗುವಿನ ಕಾರ್ಡನ್ನೇ ಇಲ್ಲವಾಗಿಸುತ್ತಿದ್ದರು. ಹಾಗೆ ಪಾರಾದವರು ಸುಮಾರು 600 ಮಕ್ಕಳು. ಮುಂದೆ ಊಟಕ್ಕೆ ಕಳ್ಳದಾರಿಯಲ್ಲಿ ಬರುವ ರೇಷನ್ ಚೀಟಿ ಬೇಕು; ನೆರೆಯವರು ಕೇಳಿದರೆ ಹೇಳಲು ಒಂದು ಕಥೆ ಬೇಕು. ‘ರಾಟರ್‌ಡಾಮಿನ ಅನಾಥೆ’ ಎಂದರೆ ನಂಬುತ್ತಿದ್ದರು. 1940ರ ಮೇ ತಿಂಗಳ ಬಾಂಬ್ ದಾಳಿ ಎಲ್ಲರಿಗೂ ನೆನಪಿತ್ತು. ಇಷ್ಟನ್ನೂ ಸೇರಿಸು.

ಈಗ ಕೊನೆಯ ಪುಟ. 1945, ತಾಯಿ ಬಾಗಿಲಲ್ಲಿ, ಹುಡುಗಿ ಓಡಿಬಂದು ಅಪ್ಪಿಕೊಳ್ಳುತ್ತಾಳೆ. ಸುಳ್ಳು! ಎರಡು ವರ್ಷದವಳಿದ್ದಾಗ ನೆದರ್ಲೆಂಡ್ಸಿನ ಉತ್ತರದ ಫ್ರೀಸ್‌ಲಾಂಡಿನಲ್ಲಿ ರೈತರ ಮನೆ ಸೇರಿದವಳು. ಅವಳ ಬಾಯಲ್ಲಿ ಈಗ ಇರುವುದು ಅಲ್ಲಿನ ಭಾಷೆ, ಫ್ರೀಸಿಯನ್. ತಾಯಿ ಡಚ್ಚಿನಲ್ಲಿ ಮಾತಾಡಿಸುತ್ತಾಳೆ. ಹುಡುಗಿ ಸಾಕಿದವಳ ಸೆರಗಿನ ಹಿಂದೆ ಅವಿತುಕೊಳ್ಳದೆ ಇನ್ನೇನು ಮಾಡಿಯಾಳು?

ಹಾಂ, ‘ಸೆರಗು’ ನನ್ನ ಕೈತಪ್ಪು. ಅಲ್ಲಿ ಅದು ಏಪ್ರನ್. ನೀನೂ ಇಂಥಲ್ಲಿ ಜಾರಿದ್ದೀಯ, ತಿದ್ದಿಕೋ. ದೇವಕಿ ಯಶೋದೆಯರ ಹೋಲಿಕೆಯನ್ನೂ ಕಿತ್ತುಹಾಕು. ಅದನ್ನು ಕಂಡೊಡನೆ ನಮ್ಮ ಓದುಗರ ಕಣ್ಣು ತಂತಾನೇ ತೇವವಾಗುತ್ತದೆ. ಆ ಕಣ್ಣೀರು ನಿನ್ನ ಹುಡುಗಿಗಾಗಿ ಬಂದದ್ದಲ್ಲ.

ಬಹಳ ಮಕ್ಕಳಿಗೆ ಬಾಗಿಲಿಗೆ ಬರುವ ತಾಯಿಯೇ ಉಳಿದಿರಲಿಲ್ಲ. 1945ರ ಆಗಸ್ಟಿನ ಡಚ್ ಆದೇಶದ ಪ್ರಕಾರ, ಒಂದು ತಿಂಗಳೊಳಗೆ ಹಾಜರಾಗದ ಹೆತ್ತವರ ಹಕ್ಕು ಹೋಗುತ್ತಿತ್ತು. ಮಗು ಯಾರದೆಂದು ನಿರ್ಧರಿಸುವ ಆಯೋಗದ ಅಧ್ಯಕ್ಷೆ ಗೆಸಿನಾ ಫಾನ್ ಡೆರ್ ಮೋಲೆನ್, ಯುದ್ಧಕಾಲದಲ್ಲಿ ನಾಜಿಗಳ ವಿರುದ್ಧ ನಿಂತವರು, ಮಕ್ಕಳನ್ನು ಉಳಿಸಲು ಹೆಣಗಿದವರು. ಅನಾಥ ಮಕ್ಕಳು ಯಹೂದಿ ಸಮುದಾಯಕ್ಕೇ ಸೇರಬೇಕೆಂಬುದನ್ನು ಅವರು ಒಪ್ಪಲಿಲ್ಲ. ತನ್ನವರನ್ನೆಲ್ಲ ಕಳೆದುಕೊಂಡ ಸಮುದಾಯಕ್ಕೆ ಅದು ಎರಡನೆಯ ಸಲ ಮಕ್ಕಳನ್ನು ಕಿತ್ತುಕೊಂಡಂತೆ. ಇವರಲ್ಲಿ ಯಾರನ್ನೂ ಖಳರಾಗಿಸಬೇಡ, ದಯವಿಟ್ಟು.

ನಿನಗೆ ಕಿವಿ ಇದೆ, ಅದಕ್ಕೇ ಇಷ್ಟು ಗದರುತ್ತಿದ್ದೇನೆ. ತಾಯಿ ಹಳೆಯ ಹೆಸರು ಹಿಡಿದು ಕರೆದಾಗ ಹುಡುಗಿ ತಿರುಗಿ ನೋಡುವುದಿಲ್ಲವಲ್ಲ, ಅಲ್ಲಿಂದ ಶುರುಮಾಡು. ದೀಪಾವಳಿಯೊಳಗೆ ಕಳಿಸು.